ನ್ಯೂಯಾರ್ಕ್‌ನಲ್ಲಿ ಮನೆ ಹಿಡಿಯುವ ಮುನ್ನ ಕಟ್ಟಡದ ಕಡತ ಓದುವ ಕ್ರಮ

ನ್ಯೂಯಾರ್ಕ್ ನಗರದಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಇರುವ ದೊಡ್ಡದೊಂದು ಅನುಕೂಲ, ಹೊಸದಾಗಿ ಹೋದ ಬಹಳಷ್ಟು ಜನರ ಗಮನಕ್ಕೇ ಬರುವುದಿಲ್ಲ. ಯಾವ ಕಟ್ಟಡದಲ್ಲಿ ಜನವರಿಯ ಚಳಿಯಲ್ಲಿ ಹೀಟ್ (ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ) ಬರಲಿಲ್ಲ, ಯಾವ ಮಹಡಿಯ ಬಚ್ಚಲುಮನೆಯ ಸೂರು ಸೋರಿತು, ಎಲ್ಲಿ ಇಲಿಯ ಕಾಟ, ಎಲ್ಲಿ ತಿಗಣೆಯ ಕಾಟ ಎಂಬ ವಿವರಗಳು ವಿಳಾಸವಾರು ಸರ್ಕಾರಿ ಕಡತದಲ್ಲಿ ದಾಖಲಾಗುತ್ತವೆ. ಆ ಕಡತವನ್ನು ಯಾರು ಬೇಕಾದರೂ ಶುಲ್ಕ ಕಟ್ಟದೆ, ಖಾತೆ ತೆರೆಯದೆ ಅಂತರ್ಜಾಲದಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ಮನೆ ಹಿಡಿಯುವಾಗ ಎದುರಿನ ಅಂಗಡಿಯವರನ್ನೋ ಇಸ್ತ್ರಿಯವರನ್ನೋ ಮೆಲ್ಲಗೆ ವಿಚಾರಿಸಿ ತಿಳಿಯುವ ಸಂಗತಿಗಳನ್ನು ಅಲ್ಲಿ ನಗರಾಡಳಿತವೇ ಬರೆದಿಟ್ಟಿರುತ್ತದೆ.

ಕರ್ನಾಟಕದಿಂದ ಓದಲು ಹೋಗುವ ವಿದ್ಯಾರ್ಥಿಗಳಿಗೆ ಇದು ವಿಶೇಷವಾಗಿ ಬೇಕಾಗುತ್ತದೆ. ಅವರಲ್ಲಿ ಅನೇಕರು ಆಗಸ್ಟಿನಲ್ಲಿ ತಲುಪುತ್ತಾರೆ, ಕೆಲವರು ವಿಡಿಯೋ ಕರೆಯಲ್ಲಿ ಮನೆ ನೋಡಿ ಇಲ್ಲಿಂದಲೇ ಹಣ ಕಳಿಸುತ್ತಾರೆ. ಆಗಸ್ಟಿನ ಸೆಕೆಯಲ್ಲಿ ರೇಡಿಯೇಟರ್ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ದಾರಿಯಿಲ್ಲ. ಹಿಂದಿನ ಚಳಿಗಾಲದಲ್ಲಿ ಅದೇ ಕಟ್ಟಡದವರು ಕೊಟ್ಟ ದೂರುಗಳೇ ಅದಕ್ಕೆ ಸಾಕ್ಷಿ.

ಈ ಕಡತಗಳನ್ನು ತೆರೆದವರೂ ಸಾಮಾನ್ಯವಾಗಿ ಒಟ್ಟು ಉಲ್ಲಂಘನೆಗಳ, ಅಂದರೆ ತಪಾಸಣೆಯಲ್ಲಿ ದಾಖಲಾದ ನಿಯಮಭಂಗಗಳ, ಸಂಖ್ಯೆಯನ್ನಷ್ಟೇ ನೋಡಿ ಮುಚ್ಚಿಬಿಡುತ್ತಾರೆ. ಅಷ್ಟರಿಂದ ಏನೂ ತಿಳಿಯುವುದಿಲ್ಲ. ನೂರು ಮನೆಗಳ ಕಟ್ಟಡದಲ್ಲಿ ಮೂವತ್ತು ಉಲ್ಲಂಘನೆಗಳಿರುವುದು ಬೇರೆ, ಆರು ಮನೆಗಳ ಕಟ್ಟಡದಲ್ಲಿ ಮೂವತ್ತು ಇರುವುದು ಬೇರೆ. ಸೊನ್ನೆ ಎಂದು ಕಂಡರೆ ಅದೂ ನಿರಾಳರಾಗುವ ಕಾರಣವಲ್ಲ. ಪ್ರತಿಯೊಂದು ಸಾಲಿನ ತಾರೀಖು, ವರ್ಗ, ಮನೆಯ ಸಂಖ್ಯೆ, ಅದೇ ದೋಷ ಎಷ್ಟು ಸಲ ಮರಳಿ ಬಂದಿದೆ ಎಂಬ ನಾಲ್ಕನ್ನು ಒಟ್ಟಿಗೆ ಓದಿದಾಗಲೇ ಕಟ್ಟಡದ ನಿಜಸ್ಥಿತಿ ಹೊರಬೀಳುತ್ತದೆ.

ಮೊದಲು ಸರಿಯಾದ ವಿಳಾಸ

ಮನೆಯ ಜಾಹೀರಾತಿನಲ್ಲಿ ಎರಡು ಅಡ್ಡರಸ್ತೆಗಳ ಹೆಸರನ್ನಷ್ಟೇ ಕೊಟ್ಟು ಕಟ್ಟಡದ ಸಂಖ್ಯೆಯನ್ನು ಬಿಟ್ಟಿದ್ದರೆ, ಬ್ರೋಕರ್ ಅಥವಾ ಮಾಲೀಕರಿಂದ ಕಟ್ಟಡದ ಸಂಖ್ಯೆ, ರಸ್ತೆ, ಮನೆಯ ಸಂಖ್ಯೆ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಬೇಕು. ಕೊಡಲು ಹಿಂದೆಮುಂದೆ ನೋಡುವವರೊಡನೆ ವ್ಯವಹಾರವನ್ನು ಮುಂದುವರಿಸದಿರುವುದೇ ಲೇಸು.

ವಿಳಾಸದಲ್ಲಿ ಎರಡು ತೊಡಕುಗಳಿವೆ. ನಗರದ ಐದು ಆಡಳಿತ ವಿಭಾಗಗಳನ್ನು ಬರೋ ಎನ್ನುತ್ತಾರೆ; ಅವುಗಳಲ್ಲೊಂದಾದ ಕ್ವೀನ್ಸ್‌ನಲ್ಲಿ ಕಟ್ಟಡದ ಸಂಖ್ಯೆಯ ನಡುವೆ ಅಡ್ಡಗೆರೆ ಇರುತ್ತದೆ. ಅಲ್ಲಿನ ಜಾಕ್ಸನ್ ಹೈಟ್ಸ್‌ ಬಡಾವಣೆಯ ಯಾವ ಮನೆಯನ್ನು ಹುಡುಕಿದರೂ ಆ ಅಡ್ಡಗೆರೆಯನ್ನು ಬಿಡದೆ ಬರೆಯಬೇಕು. ಇನ್ನು ಮೂಲೆಯ ಕಟ್ಟಡಗಳಿಗೆ ಎರಡು ರಸ್ತೆಗಳ ಕಡೆಯಿಂದಲೂ ವಿಳಾಸವಿರುತ್ತದೆ, ಉದ್ದನೆಯ ಕಟ್ಟಡಗಳಿಗೆ ಒಂದಕ್ಕಿಂತ ಹೆಚ್ಚು ಬಾಗಿಲು ಸಂಖ್ಯೆಗಳಿರುತ್ತವೆ. ನಿಮಗೆ ಕೊಟ್ಟ ವಿಳಾಸದಲ್ಲಿ ಏನೂ ಕಾಣದೆ, ದೂರುಗಳೆಲ್ಲ ಪಕ್ಕದ ರಸ್ತೆಯ ವಿಳಾಸದಲ್ಲಿ ದಾಖಲಾಗಿರುವುದುಂಟು. ಇದರಿಂದ ಪಾರಾಗಲು ಬ್ಲಾಕ್ ಮತ್ತು ಲಾಟ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ನಗರದ ಪ್ರತಿಯೊಂದು ನಿವೇಶನಕ್ಕೂ ಬರೋ, ಬ್ಲಾಕ್, ಲಾಟ್ ಎಂಬ ಮೂರು ಅಂಗಗಳ ಗುರುತು ಇದ್ದು, ಎಲ್ಲ ಇಲಾಖೆಗಳ ಕಡತಗಳೂ ಅದರ ಮೂಲಕ ಒಂದಕ್ಕೊಂದು ತಾಳೆಯಾಗುತ್ತವೆ.

ವಸತಿ ಇಲಾಖೆಯ ಕಡತ

ಬಾಡಿಗೆ ಮನೆಗಳ ನಿರ್ವಹಣೆಯನ್ನು ನೋಡಿಕೊಳ್ಳುವ ನಗರ ಇಲಾಖೆಯನ್ನು ಎಲ್ಲರೂ ಎಚ್‌ಪಿಡಿ ಎಂದೇ ಕರೆಯುತ್ತಾರೆ. ಅದರ ‘ಎಚ್‌ಪಿಡಿ ಆನ್‌ಲೈನ್’ ಜಾಲತಾಣದಲ್ಲಿ ವಿಳಾಸ ಕೊಟ್ಟರೆ ಕಟ್ಟಡದ ನೋಂದಣಿ, ದೂರುಗಳು, ಉಲ್ಲಂಘನೆಗಳು, ತಿಗಣೆಯ ವಾರ್ಷಿಕ ವರದಿ, ಇಲಾಖೆ ಹೂಡಿರುವ ಅಥವಾ ಬಾಡಿಗೆದಾರರು ಹೂಡಿರುವ ಮೊಕದ್ದಮೆಗಳು ಬೇರೆಬೇರೆ ವಿಭಾಗಗಳಲ್ಲಿ ತೆರೆದುಕೊಳ್ಳುತ್ತವೆ.

ದೂರು ಬೇರೆ, ಉಲ್ಲಂಘನೆ ಬೇರೆ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಬಾಡಿಗೆದಾರರು ನಗರಾಡಳಿತದ ಸಹಾಯವಾಣಿಯಾದ 311 ಸಂಖ್ಯೆಗೆ ಕರೆ ಮಾಡಿದರೆ ಅದು ದೂರು. ಇಲಾಖೆ ಮಾಲೀಕರಿಗೆ ತಿಳಿಸುತ್ತದೆ, ದೋಷ ಸರಿಯಾಯಿತೇ ಎಂದು ದೂರುದಾರರನ್ನು ಕೇಳುತ್ತದೆ, ಆಗದಿದ್ದರೆ ತಪಾಸಣಾಧಿಕಾರಿಯನ್ನು ಕಳಿಸುತ್ತದೆ. ಅಧಿಕಾರಿ ಕಣ್ಣಾರೆ ಕಂಡು ಬರೆದದ್ದು ಉಲ್ಲಂಘನೆ. ಅಧಿಕಾರಿ ಬಂದಾಗ ಬಾಗಿಲು ತೆರೆಯುವವರಿಲ್ಲದೆ ಮುಚ್ಚಿಹೋದ ದೂರುಗಳೂ ಕಡತದಲ್ಲಿರುತ್ತವೆ. ಹೀಗಾಗಿ ದೂರು ಮುಚ್ಚಿದೆ ಎಂದರೆ ತೊಂದರೆ ತೀರಿತು ಎಂದು ಅರ್ಥ ಮಾಡಬಾರದು. ಹಾಗೆಯೇ ದೂರು ಇದೆ ಎಂದ ಮಾತ್ರಕ್ಕೆ ಮಾಲೀಕರದೇ ತಪ್ಪು ಎಂದೂ ಹೇಳಲಾಗದು.

ಉಲ್ಲಂಘನೆಗಳಲ್ಲಿ ಮುಖ್ಯವಾಗಿ ಮೂರು ವರ್ಗಗಳಿವೆ. ‘ಎ’ ಎಂದರೆ ಅಪಾಯವಿಲ್ಲದ್ದು, ತಿದ್ದಲು 90 ದಿನಗಳ ಗಡುವು. ‘ಬಿ’ ಎಂದರೆ ಅಪಾಯಕಾರಿ, 30 ದಿನ. ‘ಸಿ’ ಎಂದರೆ ತಕ್ಷಣದ ಅಪಾಯ. ಹೀಟ್, ಬಿಸಿನೀರು, ಗ್ಯಾಸ್, ವಿದ್ಯುತ್ ಇಲ್ಲದಿರುವುದು ಈ ವರ್ಗದಲ್ಲಿ ಬರುತ್ತದೆ, ಸಾಮಾನ್ಯ ಗಡುವು 24 ಗಂಟೆ. ಸೀಸದ ಬಣ್ಣದಂಥ ಕೆಲವು ‘ಸಿ’ ದೋಷಗಳಿಗೆ 21 ದಿನಗಳ ಅವಕಾಶವಿದೆ. ಮಹಡಿಯ ಸಂಖ್ಯೆಯ ಫಲಕವಿಲ್ಲ ಎಂಬಂಥ ‘ಎ’ ವರ್ಗದ ಸಾಲುಗಳ ಮೇಲೆ ಸಮಯ ಕಳೆಯಬೇಕಿಲ್ಲ. ‘ಸಿ’ ವರ್ಗದ ಸಾಲುಗಳನ್ನು ಮಾತ್ರ ಒಂದೂ ಬಿಡದೆ ಓದಬೇಕು.

ಸಾಲನ್ನು ಓದುವ ಬಗೆ

ಉಲ್ಲಂಘನೆಯ ಒಂದು ಸಾಲಿನಲ್ಲಿ ನಗರದ ಆಡಳಿತ ಸಂಹಿತೆಯ ಸೆಕ್ಷನ್ ಸಂಖ್ಯೆ, ಮಾಡಬೇಕಾದ ದುರಸ್ತಿ, ಯಾವ ಕೋಣೆ, ಯಾವ ಮನೆ, ಎಷ್ಟನೆಯ ಮಹಡಿ, ಯಾವ ದಿಕ್ಕಿನಿಂದ ಎಷ್ಟನೆಯ ಮನೆ ಎಂಬುದೆಲ್ಲ ಇರುತ್ತದೆ. ಉದಾಹರಣೆಗೆ ನೀವು 4ಸಿ ಮನೆಯನ್ನು, ಅಂದರೆ ನಾಲ್ಕನೆಯ ಮಹಡಿಯ ‘ಸಿ’ ಅಕ್ಷರದ ಮನೆಯನ್ನು ನೋಡುತ್ತಿದ್ದೀರಿ ಎನ್ನೋಣ (ಇಲ್ಲಿನ ‘ಸಿ’ ಉಲ್ಲಂಘನೆಯ ವರ್ಗವಲ್ಲ). ಕಡತದಲ್ಲಿ 27-2026ನೆಯ ಸೆಕ್ಷನ್ ಅಡಿ ‘5ಸಿ ಮನೆಯ ಬಚ್ಚಲುಮನೆಯಲ್ಲಿ ನೀರಿನ ಸೋರಿಕೆಯ ಮೂಲವನ್ನು ದುರಸ್ತಿ ಮಾಡಿ’ ಎಂದಿದೆ. ನ್ಯೂಯಾರ್ಕ್‌ನ ಹಳೆಯ ಕಟ್ಟಡಗಳಲ್ಲಿ ಒಂದೇ ಅಕ್ಷರದ ಮನೆಗಳು ಒಂದರ ಮೇಲೊಂದು ಇದ್ದು, ನೀರಿನ ಕೊಳವೆಯೂ ಹೀಟಿನ ಕೊಳವೆಯೂ ಮೇಲಿಂದ ಕೆಳಕ್ಕೆ ಅದೇ ಸಾಲಿನಲ್ಲಿ ಹಾದುಹೋಗಿರುವುದು ಸಾಮಾನ್ಯ. ಅಲ್ಲಿಯವರು ಇದನ್ನು ‘ಸಿ ಲೈನ್’ ಎನ್ನುತ್ತಾರೆ. ಆದ್ದರಿಂದ 5ಸಿಯ ಸೋರಿಕೆ ನಿಮ್ಮ ಸೂರಿಗೆ ಸಂಬಂಧಪಟ್ಟದ್ದೇ ಆಗಬಹುದು. 3ಸಿಯಲ್ಲಿ ಬೂಷ್ಟು, 5ಸಿಯಲ್ಲಿ ಸೋರಿಕೆ, ಎರಡು ವರ್ಷದ ಹಿಂದೆ 6ಸಿಯಲ್ಲಿಯೂ ಸೋರಿಕೆ ಎಂದು ಕಂಡರೆ, ಗೋಡೆಯೊಳಗಿನ ಕೊಳವೆಯನ್ನು ಬದಲಾಯಿಸದೆ ಮೇಲೆ ಮೇಲೆ ತೇಪೆ ಹಾಕಿದ್ದಾರೆ ಎಂದು ಬಲವಾಗಿ ಅನುಮಾನಿಸಬಹುದು. ಹೊಸದಾಗಿ ಬಣ್ಣ ಬಳಿದು ತೋರಿಸಿದ 4ಸಿಯ ಸೂರಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ.

ತಾರೀಖು ನೋಡುವಾಗ ಸ್ವಲ್ಪ ಉದಾರಿಗಳಾಗಿರಬೇಕು. ಮಾಲೀಕರು ದುರಸ್ತಿ ಮಾಡಿಯೂ ಇಲಾಖೆಗೆ ಪ್ರಮಾಣಪತ್ರ ಸಲ್ಲಿಸದಿದ್ದರೆ ಉಲ್ಲಂಘನೆ ವರ್ಷಗಟ್ಟಲೆ ತೆರೆದೇ ಇರುತ್ತದೆ. ಇಪ್ಪತ್ತು ವರ್ಷ ಹಳೆಯದಾದ ಹತ್ತಾರು ‘ಬಿ’ ಸಾಲುಗಳಿಗಿಂತ ಕಳೆದ ಹನ್ನೆರಡು ತಿಂಗಳಲ್ಲಿ ಬಂದ ಮೂರು ‘ಸಿ’ ಸಾಲುಗಳು ಹೆಚ್ಚು ಗಂಭೀರ. ವಿರುದ್ಧ ದಿಕ್ಕಿನ ಎಚ್ಚರವೂ ಬೇಕು. ಸರಿಪಡಿಸಿದ್ದೇವೆ ಎಂದು ಕಾಗದದಲ್ಲಿ ಹೇಳಿ ಸರಿಪಡಿಸದವರೂ ಇರುತ್ತಾರೆ. ಮುಚ್ಚಿದ ಉಲ್ಲಂಘನೆಯೊಂದು ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ ಆರು ತಿಂಗಳೊಳಗೆ ಮತ್ತೆ ಹುಟ್ಟಿದ್ದರೆ ಮೊದಲ ದುರಸ್ತಿ ಹೆಸರಿಗಷ್ಟೇ ಆಗಿತ್ತು ಎಂದು ತಿಳಿಯಬೇಕು.

ನನ್ನ ಮಟ್ಟಿಗೆ ಹೇಳುವುದಾದರೆ, ತಾನಾಗಿಯೇ ಮುಚ್ಚಿಕೊಳ್ಳದ ಬಾಗಿಲುಗಳ ಉಲ್ಲಂಘನೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಓದಲು ಕ್ಷುಲ್ಲಕವೆನ್ನಿಸುವ ದೋಷ ಅದು. 2022ರ ಜನವರಿ 9ರಂದು ಬ್ರಾಂಕ್ಸ್‌ನ ಟ್ವಿನ್ ಪಾರ್ಕ್ಸ್ ಕಟ್ಟಡದಲ್ಲಿ ವಿದ್ಯುತ್ ಹೀಟರಿನಿಂದ ಹೊತ್ತಿದ ಬೆಂಕಿಯ ಹೊಗೆ, ತೆರೆದೇ ಉಳಿದ ಬಾಗಿಲಿನ ಮೂಲಕ ಮೆಟ್ಟಿಲುಗಳನ್ನು ತುಂಬಿ 17 ಜನ ಸತ್ತರು. ಬೆಂಕಿ ಒಂದು ಮನೆಯಲ್ಲಿ ಹೊತ್ತಿದರೂ ಸಾವು ಬೇರೆ ಮಹಡಿಗಳಿಗೆ ಏರಿದ್ದು ಹಾಗೆ.

ಮೊಕದ್ದಮೆಗಳ ವಿಭಾಗವನ್ನೂ ಬಿಡಬಾರದು. ಬಾಡಿಗೆದಾರರೇ ದುರಸ್ತಿಗಾಗಿ ವಸತಿ ನ್ಯಾಯಾಲಯಕ್ಕೆ ಹೋಗಿರುವ ಕಟ್ಟಡದಲ್ಲಿ ಮಾತುಕತೆಯ ಹಂತ ಎಂದೋ ಮುಗಿದಿರುತ್ತದೆ. ‘ಎಇಪಿ’ ಎಂಬ ಹೆಸರು ಕಂಡರೆ ಅದು 2007ರಿಂದ ನಡೆಯುತ್ತಿರುವ ವಿಶೇಷ ನಿಗಾ ಕಾರ್ಯಕ್ರಮ. ಬಹಳ ಕೆಟ್ಟ ಸ್ಥಿತಿಯಲ್ಲಿರುವ ಕಟ್ಟಡಗಳನ್ನು ಇಲಾಖೆ ಪ್ರತಿವರ್ಷ ಆರಿಸಿ ಇದಕ್ಕೆ ಸೇರಿಸುತ್ತದೆ.

ಚಳಿಗಾಲದ ದೂರುಗಳು

ಅಕ್ಟೋಬರ್ 1ರಿಂದ ಮೇ 31ರವರೆಗೆ ‘ಹೀಟ್ ಸೀಸನ್’. ಈ ಅವಧಿಯಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ, ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಎಷ್ಟೇ ಇದ್ದರೂ ಒಳಗೆ ಕನಿಷ್ಠ 62 ಡಿಗ್ರಿ. ನಮ್ಮ ಲೆಕ್ಕದಲ್ಲಿ ಹಗಲು 20, ರಾತ್ರಿ ಸುಮಾರು 17 ಡಿಗ್ರಿ ಸೆಲ್ಸಿಯಸ್. ಬಿಸಿನೀರು ವರ್ಷದ ಎಲ್ಲ ದಿನ, ಎಲ್ಲ ಹೊತ್ತಿನಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು.

ಹಿಂದಿನ ಚಳಿಗಾಲಗಳ ಚಿತ್ರ ಪೂರ್ತಿಯಾಗಿ ಬೇಕಿದ್ದರೆ ನಗರದ ‘ಓಪನ್ ಡೇಟಾ’ ಜಾಲತಾಣದಲ್ಲಿ 2010ರಿಂದೀಚಿನ 311 ದೂರುಗಳ ಪಟ್ಟಿಯಿದೆ. ವಿಳಾಸದಿಂದ ಸೋಸಿ, ದೂರಿನ ಬಗೆಯಲ್ಲಿ ಹೀಟ್ ಮತ್ತು ಬಿಸಿನೀರನ್ನು ಆರಿಸಿ, ತಾರೀಖಿನ ಪ್ರಕಾರ ಜೋಡಿಸಬೇಕು. ಅಲ್ಲಿ ವಿಳಾಸಗಳು ‘ವೆಸ್ಟ್ 110 ಸ್ಟ್ರೀಟ್’ ಎಂಬ ರೂಪದಲ್ಲಿರುವುದರಿಂದ ಸಂಕ್ಷಿಪ್ತ ರೂಪದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಪಟ್ಟಿ ಬಂದ ಮೇಲೆ ಸಾಲುಗಳನ್ನಲ್ಲ, ದಿನಗಳನ್ನು ಎಣಿಸಬೇಕು. ಬಾಯ್ಲರ್ ಒಂದು ರಾತ್ರಿ ಕೆಟ್ಟರೆ ನಲವತ್ತು ಮನೆಯವರು ದೂರು ಕೊಡುತ್ತಾರೆ. ಅದು ಒಂದೇ ಘಟನೆ. ನವೆಂಬರಿನಿಂದ ಮಾರ್ಚಿಯವರೆಗೆ ಪ್ರತಿವಾರ ಒಂದೆರಡು ದೂರುಗಳು, ಮೂರು ವರ್ಷಗಳಿಂದ ಹೀಗೆಯೇ ಎಂದು ಕಂಡರೆ ಆ ಬಾಯ್ಲರ್ ನಾಲ್ಕನೆಯ ವರ್ಷ ಸರಿಹೋಗುತ್ತದೆ ಎಂದು ನಂಬಲು ಕಾರಣವಿಲ್ಲ.

ಕಟ್ಟಡ ಇಲಾಖೆ, ಮುಖ್ಯವಾಗಿ ನೆಲಮಾಳಿಗೆ ನೋಡುತ್ತಿರುವವರಿಗೆ

ಕಟ್ಟಡದ ರಚನೆ, ಲಿಫ್ಟ್, ಅನುಮತಿಯಿಲ್ಲದ ನಿರ್ಮಾಣ ಇವೆಲ್ಲ ಎಚ್‌ಪಿಡಿಯ ವ್ಯಾಪ್ತಿಯಲ್ಲ, ಡಿಒಬಿ ಎಂಬ ಕಟ್ಟಡ ಇಲಾಖೆಯದು. ಅದರ ಕಡತಗಳು ಎರಡು ಕಡೆ ಹಂಚಿಹೋಗಿವೆ. ಹಳೆಯವು ‘ಬಿಸ್’ ಎಂಬ ವ್ಯವಸ್ಥೆಯಲ್ಲಿ, ಹೊಸವು ‘ಡಿಒಬಿ ನೌ’ನಲ್ಲಿ. ಎರಡನ್ನೂ ನೋಡಬೇಕು.

ಇಲ್ಲಿ ಮುಖ್ಯವಾಗಿ ತೆಗೆದು ನೋಡಬೇಕಾದ್ದು ವಾಸಯೋಗ್ಯತಾ ಪ್ರಮಾಣಪತ್ರ. ಕಟ್ಟಡದಲ್ಲಿ ಕಾನೂನಿನ ಪ್ರಕಾರ ಎಷ್ಟು ಮನೆಗಳಿವೆ, ಯಾವ ಮಹಡಿಯನ್ನು ಯಾವುದಕ್ಕೆ ಬಳಸಬಹುದು ಎಂಬುದು ಅದರಲ್ಲಿರುತ್ತದೆ. 1938ಕ್ಕಿಂತ ಹಿಂದಿನ ಕಟ್ಟಡಗಳಿಗೆ ಈ ಪತ್ರ ಇಲ್ಲದಿರಬಹುದು, ಅದರಿಂದಲೇ ಗಾಬರಿಯಾಗಬೇಕಿಲ್ಲ. ಆದರೆ ಪತ್ರದಲ್ಲಿ ಎರಡು ಕುಟುಂಬಗಳ ಮನೆ ಎಂದಿದ್ದು, ಬಾಗಿಲಲ್ಲಿ ಐದು ಕರೆಗಂಟೆಗಳಿದ್ದರೆ ಅಲ್ಲಿಗೆ ನಿಲ್ಲಬೇಕು. ಕಡಿಮೆ ಬಾಡಿಗೆಗೆ ಸಿಗುವ ನೆಲಮಾಳಿಗೆಯ ಮನೆಗಳ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ನಗರದಲ್ಲಿ ಸತ್ತ 13 ಜನರಲ್ಲಿ 11 ಜನ ನೆಲಮಾಳಿಗೆಯ ಮನೆಗಳಲ್ಲಿದ್ದವರು, ಅವರಲ್ಲಿ ಹೆಚ್ಚಿನವರು ಕ್ವೀನ್ಸ್‌ನವರು. ಇಲಾಖೆಯ ಅನುಮತಿಯಿಲ್ಲದ ನೆಲಮಾಳಿಗೆಯಲ್ಲಿ ಸಾಕಷ್ಟು ಕಿಟಕಿಯಾಗಲಿ ಎರಡನೆಯ ಹೊರದಾರಿಯಾಗಲಿ ಇರುವ ಖಾತರಿಯಿಲ್ಲ. ಅಧಿಕಾರಿಗಳು ಬಂದು ಖಾಲಿ ಮಾಡಿಸಿದರೆ ಅದೇ ದಿನ ಬೀದಿಗೆ ಬೀಳುವವರು ಬಾಡಿಗೆದಾರರೇ.

ಒಂದು ಮನೆಯ ಕೋಣೆಗಳನ್ನು ಬೇರೆಬೇರೆಯಾಗಿ ಬಾಡಿಗೆಗೆ ಕೊಟ್ಟು, ಪ್ರತಿ ಕೋಣೆಯ ಬಾಗಿಲಿಗೂ ಹೊರಗಿನಿಂದ ಕೀಲಿ ಹಾಕುವ ಬೀಗವಿದ್ದರೆ, ಅದೂ ಅಕ್ರಮ ವಿಭಜನೆಯ ಗುರುತು. ಇಂಥ ಕಡೆಯೇ ಸೊನ್ನೆ ದೂರುಗಳ ಮೋಸ ಹೆಚ್ಚು. ಅಕ್ರಮ ಮನೆಯಲ್ಲಿರುವವರು, ವೀಸಾ ಸ್ಥಿತಿಯ ಬಗ್ಗೆ ಅಳುಕಿರುವವರು, ಮಾಲೀಕರ ಜೊತೆಗೇ ಒಂದೇ ಸೂರಿನಡಿ ವಾಸಿಸುವವರು 311ಕ್ಕೆ ಕರೆ ಮಾಡುವುದು ಕಡಿಮೆ. ಆದ್ದರಿಂದ ಚಿಕ್ಕ ಮನೆಗಳ ಕಡತ ಸ್ವಚ್ಛವಾಗಿ ಕಂಡಷ್ಟೂ ವಾಸಯೋಗ್ಯತಾ ಪ್ರಮಾಣಪತ್ರವನ್ನು ಹೆಚ್ಚು ನಂಬಬೇಕು.

ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಿ ವರದಿ ಕೊಡಬೇಕು. ಆ ವರದಿ ‘ಅಸುರಕ್ಷಿತ’ ಎಂದಿದ್ದರೆ ದಾರಿಹೋಕರ ರಕ್ಷಣೆಗೆ ಕಾಲುದಾರಿಯ ಮೇಲೆ ಕಟ್ಟಿದ ಅಟ್ಟಣೆ ಸದ್ಯಕ್ಕೆ ಇಳಿಯುವುದಿಲ್ಲ. ಎರಡನೆಯ ಮಹಡಿಯ ಮನೆಯಾದರೆ ಬೆಳಕಿನ ಆಸೆ ಬಿಡಬೇಕಾಗುತ್ತದೆ.

ತಿಗಣೆ, ಇಲಿ, ಸೀಸ

ಹಿಂದಿನ ಒಂದು ವರ್ಷದಲ್ಲಿ ಆ ಮನೆಯಲ್ಲಿ ಮತ್ತು ಕಟ್ಟಡದಲ್ಲಿ ತಿಗಣೆ ಇತ್ತೇ ಎಂಬುದನ್ನು ಮಾಲೀಕರು ಹೊಸ ಬಾಡಿಗೆದಾರರಿಗೆ ನಿಗದಿತ ನಮೂನೆಯಲ್ಲಿ ತಿಳಿಸಲೇಬೇಕು. ಅದರಲ್ಲಿರುವುದನ್ನು ಎಚ್‌ಪಿಡಿಯ ವಾರ್ಷಿಕ ವರದಿಯೊಂದಿಗೆ ಹೋಲಿಸಿ ನೋಡಬೇಕು. ಎರಡೂ ಮಾಲೀಕರೇ ಬರೆದುಕೊಟ್ಟವು ಎಂಬುದು ನೆನಪಿರಲಿ. ಇಲಿಗಳಿಗೆ ಸಂಬಂಧಿಸಿದಂತೆ ಆರೋಗ್ಯ ಇಲಾಖೆಯದೇ ನಕ್ಷೆಯೊಂದಿದ್ದು, ನಿವೇಶನವಾರು ತಪಾಸಣೆಯ ಫಲಿತಾಂಶವನ್ನು ತೋರಿಸುತ್ತದೆ. ಕೆಳಗೆ ಹೋಟೆಲ್ ಇರುವ ಕಟ್ಟಡವಾದರೆ ಅದನ್ನು ತಪ್ಪದೆ ನೋಡಿ.

ಆರು ವರ್ಷದೊಳಗಿನ ಮಗುವಿರುವ ಕುಟುಂಬಗಳು 1960ಕ್ಕಿಂತ ಹಿಂದೆ ಕಟ್ಟಿದ ಮನೆಗಳಲ್ಲಿ ಸೀಸದ ಬಣ್ಣದ ಉಲ್ಲಂಘನೆಗಳನ್ನು ಪ್ರತ್ಯೇಕವಾಗಿ ಹುಡುಕಬೇಕು. ನಗರ 1960ರಲ್ಲಿ ಮನೆಗಳಲ್ಲಿ ಸೀಸದ ಬಣ್ಣವನ್ನು ನಿಷೇಧಿಸಿತು. ಅದಕ್ಕೆ ಮೊದಲಿನ ಕಟ್ಟಡದಲ್ಲಿ ಬಣ್ಣ ಸಿಪ್ಪೆ ಏಳುತ್ತಿದ್ದರೆ, ಅಂಥ ಮಗುವಿರುವ ಮನೆಯಲ್ಲಿ ಅದು ಸೀಸದ ಬಣ್ಣವೆಂದೇ ಕಾನೂನು ಭಾವಿಸುತ್ತದೆ. ಕಿಟಕಿಯ ಚೌಕಟ್ಟು ಉಜ್ಜಿ ಉದುರುವ ಪುಡಿಯನ್ನು ಮುಖ್ಯವಾಗಿ ಗಮನಿಸಬೇಕು.

ಮಾಲೀಕರು ಯಾರು

ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡವನ್ನು ಪ್ರತಿವರ್ಷ ಎಚ್‌ಪಿಡಿಯಲ್ಲಿ ನೋಂದಾಯಿಸಬೇಕು. ಹೊಣೆಗಾರ ವ್ಯಕ್ತಿಯ ಹೆಸರೂ ನಿರ್ವಾಹಕರ ಹೆಸರೂ ಅಲ್ಲಿರುತ್ತವೆ. ಆಸ್ತಿಪತ್ರಗಳು ‘ಅಕ್ರಿಸ್’ ಎಂಬ ಜಾಲತಾಣದಲ್ಲಿವೆ. ಸ್ಟೇಟನ್ ಐಲೆಂಡ್ ಒಂದನ್ನು ಬಿಟ್ಟು ಉಳಿದ ನಾಲ್ಕು ಬರೋಗಳ ಕ್ರಯಪತ್ರಗಳನ್ನು 1966ರಿಂದೀಚೆಗೆ ಅಲ್ಲಿ ನೋಡಬಹುದು. ಭಾರತದಿಂದಲೇ ಮುಂಗಡ ಕಳಿಸುವವರಿಗೆ ಇದು ಮೋಸದಿಂದ ಪಾರಾಗುವ ದಾರಿಯೂ ಹೌದು. ‘ಮಾಲೀಕ’ ಎಂದು ವಾಟ್ಸ್ಆ್ಯಪಿನಲ್ಲಿ ಮಾತನಾಡುತ್ತಿರುವವರ ಹೆಸರು ಕ್ರಯಪತ್ರದಲ್ಲಿಯೂ ಇಲ್ಲ, ನೋಂದಣಿಯಲ್ಲಿಯೂ ಇಲ್ಲ, ಕಂಪನಿಯ ಪರವಾಗಿ ಮಾತನಾಡುವ ಅಧಿಕಾರಪತ್ರವೂ ಇಲ್ಲ ಎಂದಾದರೆ ಒಂದು ಡಾಲರನ್ನೂ ಕಳಿಸಬಾರದು. ಮಾಲೀಕರ ಹೆಸರು ಸಿಕ್ಕಿದ ಮೇಲೆ, ನಗರದ ಪಬ್ಲಿಕ್ ಅಡ್ವೊಕೇಟ್ (ಜನರ ಪರವಾಗಿ ನಗರಾಡಳಿತದ ಮೇಲೆ ಕಣ್ಣಿಡುವ ಚುನಾಯಿತ ಅಧಿಕಾರಿ) ಪ್ರತಿವರ್ಷ ಹೊರಡಿಸುವ ಅತಿ ಕೆಟ್ಟ ಮಾಲೀಕರ ಪಟ್ಟಿಯಲ್ಲಿ ಅದಿದೆಯೇ ಎಂದೂ ನೋಡಬಹುದು.

ಕಡತ ಹಿಡಿದು ಮನೆ ನೋಡುವುದು, ಕರಾರು ಬರೆಸುವುದು

ಓದಿದ್ದನ್ನು ಸ್ಥಳದಲ್ಲಿ ತಾಳೆ ನೋಡಬೇಕು. ನೀವೇ ಹೋಗಲಾಗದಿದ್ದರೆ ಪರಿಚಯದವರನ್ನು ಕಳಿಸಬೇಕು. ಮನೆಯ ಬಾಗಿಲನ್ನೂ ಮೆಟ್ಟಿಲಿನ ಬಾಗಿಲನ್ನೂ ಪೂರ್ತಿ ತೆರೆದು ಕೈಬಿಟ್ಟಾಗ ತಾವಾಗಿಯೇ ಮುಚ್ಚಿ ಚಿಲಕ ಬೀಳುತ್ತವೆಯೇ, ಬಚ್ಚಲಿನ ನಲ್ಲಿ ಬಿಟ್ಟ ಕೆಲವು ನಿಮಿಷಗಳಲ್ಲಿ ಬಿಸಿನೀರು ಬರುತ್ತದೆಯೇ, ಕಡತದಲ್ಲಿ ಹೇಳಿದ ಸೋರಿಕೆಯ ಜಾಗದಲ್ಲಿ ಹೊಸ ಬಣ್ಣದ ಅಡಿ ಮೆತ್ತಗಿದೆಯೇ ಎಂದು ನೋಡಬೇಕು. ಲಿಫ್ಟಿನ ಬಳಿ ಸಿಕ್ಕ ನಿವಾಸಿಯೊಬ್ಬರನ್ನು ‘ಕಳೆದ ಜನವರಿಯಲ್ಲಿ ಹೀಟ್ ಹೇಗಿತ್ತು’ ಎಂದು ಕೇಳಿದರೆ ಉತ್ತರಕ್ಕಿಂತ ಮೊದಲು ಮುಖಭಾವವೇ ಹೇಳುತ್ತದೆ.

ಅರ್ಜಿಯ ಜೊತೆ ಹಣ ಕೇಳಿದರೆ ಹಿನ್ನೆಲೆ ಪರಿಶೀಲನೆಗೆ 20 ಡಾಲರಿಗಿಂತ ಹೆಚ್ಚು, ಭದ್ರತಾ ಠೇವಣಿಗೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ ಎಂಬುದು 2019ರಿಂದ ಜಾರಿಯಲ್ಲಿರುವ ರಾಜ್ಯದ ನಿಯಮ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಭ್ಯಾಸವಾದವರಿಗೆ ಇದು ಕಡಿಮೆಯೆನ್ನಿಸಿ, ಕೇಳಿದಷ್ಟು ಕೊಟ್ಟುಬಿಡುವ ಸಂಭವವಿದೆ. ಬ್ರೋಕರನ್ನು ಮಾಲೀಕರು ನೇಮಿಸಿದ್ದರೆ ಅವರ ಕಮಿಷನ್ನನ್ನೂ ಮಾಲೀಕರೇ ಕೊಡಬೇಕು. ಈ ಕಾನೂನು 2025ರ ಜೂನ್ 11ರಿಂದ ನಗರದಲ್ಲಿ ಜಾರಿಗೆ ಬಂದಿದೆ.

ನೀವು ಹಿಡಿಯುವ ಮನೆಯಲ್ಲಿಯೇ ತೆರೆದ ಉಲ್ಲಂಘನೆಯಿದ್ದರೆ, ಅದರ ಸಂಖ್ಯೆಯನ್ನು ಹೆಸರಿಸಿ, ವಾಸಕ್ಕೆ ಬರುವ ಮುನ್ನ ಇಂಥ ತಾರೀಖಿನೊಳಗೆ ಸರಿಪಡಿಸುತ್ತೇವೆ ಎಂಬ ಅನುಬಂಧವನ್ನು ಕರಾರಿಗೆ ಸೇರಿಸಲು ಬರಹದಲ್ಲಿ ಕೇಳಬೇಕು. ಬಾಯಿಮಾತಿನ ‘ಮಾಡಿಸಿಕೊಡ್ತೀವಿ’ ಅಲ್ಲಿಯೂ ಇಲ್ಲಿಯಷ್ಟೇ ಬೆಲೆಯುಳ್ಳದ್ದು. ಸಹಿ ಹಾಕಿದ ದಿನವೇ ಎಚ್‌ಪಿಡಿ ಮತ್ತು ಡಿಒಬಿ ಪುಟಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಂಡರೆ, ಮುಂದೆ ‘ಈ ದೋಷ ನಿಮ್ಮಿಂದಲೇ ಆದದ್ದು’ ಎಂಬ ವಾದ ಬಂದಾಗ ಉತ್ತರ ಕೈಯಲ್ಲಿರುತ್ತದೆ.

ಮೇಲೆ ಹೇಳಿದ್ದೆಲ್ಲ ನ್ಯೂಯಾರ್ಕ್ ನಗರದ ಐದು ಬರೋಗಳಿಗೆ ಅನ್ವಯಿಸುವ ವಿಷಯ. ಕನ್ನಡಿಗರು ಬಹಳವಾಗಿ ನೆಲೆಸಿರುವ ಎಡಿಸನ್, ಜರ್ಸಿ ಸಿಟಿ ಮೊದಲಾದವು ನ್ಯೂಜರ್ಸಿ ರಾಜ್ಯಕ್ಕೆ ಸೇರುವುದರಿಂದ ಎಚ್‌ಪಿಡಿಯಲ್ಲಿ ಅವುಗಳ ವಿಳಾಸ ಸಿಗುವುದಿಲ್ಲ. ಅಲ್ಲಿ ಆಯಾ ಊರಿನ ಪುರಸಭೆಯ ಕ್ಲರ್ಕ್ ಕಚೇರಿಗೆ ‘ಓಪ್ರಾ’ ಎಂಬ ದಾಖಲೆ ಕಾಯ್ದೆಯಡಿ ಅರ್ಜಿ ಹಾಕಿ, ಕಟ್ಟಡದ ತಪಾಸಣಾ ವರದಿ ಮತ್ತು ಉಲ್ಲಂಘನೆಯ ನೋಟಿಸುಗಳನ್ನು ಕೇಳಬಹುದು. ಉತ್ತರಕ್ಕೆ ಸಾಮಾನ್ಯವಾಗಿ ಏಳು ಕೆಲಸದ ದಿನಗಳ ಗಡುವಿರುವುದರಿಂದ, ಮನೆ ನೋಡಲು ಹೊರಡುವ ಮೊದಲೇ ಅರ್ಜಿಯನ್ನು ಕಳಿಸಿರಬೇಕು.